ಸ್ಲೀವ್ ಸರ್ಜರಿ ಆದ ಮ್ಯಾಲ ಹೊಟ್ಟಿ ತುಂಬಿದ್ದೇ ಗೊತ್ತಾಗವಲ್ದು, ನಿಮಗೆಲ್ಲ ಹೆಂಗ ಗೊತ್ತಾತ್ರಿ?

ಬಳ್ಳಾರಿ_ಬಿಸ್ಲು

ಎಲ್ಲಾರಿಗೂ ನಮಸ್ಕಾರ್ರಿ. ನಾನು ಬಳ್ಳಾರಿಯಾಕಿ, ವಯಸ್ಸು 36, ಬೆಂಗಳೂರಾಗ ಸ್ಲೀವ್ ಸರ್ಜರಿ, ಅಂದ್ರ ತೂಕ ಇಳಿಸಾಕ ಜಠರ ಕತ್ತರಿಸಿ ಸಣ್ಣದು ಮಾಡೋ ಆಪರೇಷನ್, ಮಾಡಿಸ್ಕೊಂಡು ಇವತ್ತಿಗೆ ಹತ್ತು ವಾರ ಆತು. 114 ಕೇಜಿ ಇದ್ದೆ, ಈಗ 97. ಶುಗರ್ ಗುಳಿಗಿ ಅರ್ಧಕ್ಕ ಇಳಿಸ್ಯಾರ, ಮೆಟ್ಲ ಹತ್ತಿದ್ರ ಮೊದ್ಲಿನಂಗ ಏದುಸಿರು ಇಲ್ಲ, ಅದೆಲ್ಲ ಚಂದ ಐತಿ. ತೂಕದ ಚಿಂತಿ ಅಲ್ಲ ನಂದು, ಊಟದ ಚಿಂತಿ.

ಏನಾಗ್ತೈತಿ ಅಂದ್ರ, ಲಿಕ್ವಿಡ್ ಡಯಟ್ ಇದ್ದಾಗ ಏನೂ ತ್ರಾಸ ಇರಲಿಲ್ಲ, ಆಮೇಲೆ ಮೆತ್ತಗ ಮಾಡಿದ್ದು ತಿಂದೆ, ಅದೂ ಆತು, ಈಗ ಎರಡು ವಾರದಿಂದ ಮನಿ ಊಟ ಮಾಡ್ರಿ ಅಂದಾರ, ಅಲ್ಲಿಂದ ಶುರುವಾತು ನೋಡ್ರಿ. ತಿಂತಾ ಇರ್ತೀನಿ, ಏನೂ ಅನಿಸಲ್ಲ, ಇನ್ನೂ ಹಿಡಿತೈತಿ ಅನ್ಕೊಂಡು ಇನ್ನೊಂದು ತುತ್ತು ಹಾಕ್ತೀನಿ, ಇನ್ನೊಂದು ಹಾಕ್ತೀನಿ, ಆಮೇಲೆ ಒಮ್ಮಿಂದೊಮ್ಮೆಲೆ ಎದಿ ನಡುವ ಕಲ್ಲು ಇಟ್ಟಂಗ ಆಗಿ ಬಾಯ್ತುಂಬ ನೀರು ಬಂದು ಬಚ್ಚಲಕ್ಕ ಓಡೋದೇ. ನಡುವಿಂದು ಏನೂ ಇಲ್ಲ. ಸೊನ್ನಿ, ಸೊನ್ನಿ, ಸೊನ್ನಿ, ನೂರು. ಹೋದ ವಾರ ಕುರುಗೋಡಾಗ ನಮ್ಮ ಸಂಬಂಧಿಕರ ಮನಿ ಗೃಹಪ್ರವೇಶ ಇತ್ತು, ಅರ್ಧ ರೊಟ್ಟಿ ಎಣ್ಣಿಗಾಯಿ ಅಷ್ಟ ತಿಂದಿದ್ದು, ಹೊಸಾ ಮನಿ ಹಿತ್ತಲದಾಗ ಹೋಗಿ ಕಾರ್ಕೊಂಡು ಬಂದೆ, ಶುಭ ಕಾರ್ಯದಾಗ ಹಿಂಗಾತಲ್ಲ ಅಂತ ಅತ್ತಿ ಮುಖ ನೋಡಬೇಕಿತ್ತು.

ಮೊದ್ಲಿನ ಹೊಟ್ಟಿ ಇದ್ದಾಗ ತುಂಬಿದ್ದು ಗೊತ್ತಾಗ್ತಿತ್ತೇನು ಅಂದ್ರ ಅದೂ ಇಲ್ಲ ಬಿಡ್ರಿ, ತಾಟ್ ಖಾಲಿ ಆತಂದ್ರ ಊಟ ಆತು ಅಂತ ಅರ್ಥ, ಇಲ್ಲಾ ಢರ್ರಂತ ತೇಗು ಬರಬೇಕು. ಸಣ್ಣಾಕಿ ಇದ್ದಾಗಿಂದ ತಾಟ್‌ನಾಗ ಅಗಳು ಬಿಡಬಾರದು ಅಂತ ಕಲಿಸಿದ್ದು. ಡಾಕ್ಟ್ರು "ಹೊಟ್ಟಿ ತುಂಬಿದ ತಕ್ಷಣ ನಿಲ್ಲಿಸ್ರಿ" ಅಂತ ಒಂದು ಸಾಲಿನಾಗ ಹೇಳಿ ಕಳಿಸಿದ್ರು. ತುಂಬಿದ್ದು ಗೊತ್ತಾದ್ರ ತಾನೇ ನಿಲ್ಸೋದು? ನಿಮಗೆಲ್ಲ ಹೆಂಗ ಗೊತ್ತಾತು, ಎಷ್ಟು ದಿನಕ್ಕ ಗೊತ್ತಾತು, ಸ್ವಲ್ಪ ಬಿಡಿಸಿ ಹೇಳ್ರಿ. ಗೊತ್ತಾಗೋದೇ ಇಲ್ವಾ ಹಿಂಗ ಇರ್ತೈತಾ ಅಂತ ಭಯ ಆಗಾಕತ್ತೈತಿ.

ಶಕ್ತಿನಗರ_ನೈಟ್‌ಶಿಫ್ಟ್

ಅಕ್ಕಾರ, ನಿಮ್ದು ಓದಿ ನಂದೇ ಕಥಿ ಓದಿದಂಗಾತು. ನಾನು ರಾಯಚೂರು ಕಡಿಯಾವ, ಹೈದ್ರಾಬಾದ್‌ನಾಗ ಸ್ಲೀವ್ ಆಗಿ ಮೂರು ವರ್ಷ ಆತು. ಆ "ಸೊನ್ನಿ ಸೊನ್ನಿ ನೂರು" ಅಂದ್ರಲ್ಲ, ಅದು ನಿಮ್ಮ ತಪ್ಪಲ್ಲ, ಅದಕ್ಕ ಕಾರಣ ಅದ, ನಾನು ಸಿಕ್ಕ ಸಿಕ್ಕವ್ರನ್ನ ಕೇಳಿ ಕೇಳಿ ತಿಳ್ಕೊಂಡಿದ್ದು ಹೇಳ್ತೀನಿ.

ಜಠರ ಅನ್ನೋದು ಮೊದ್ಲು ಬಲೂನ್ ಇದ್ದಂಗ ಇತ್ರಿ. ಊಟ ಬಿದ್ದಂಗೆಲ್ಲ ಮ್ಯಾಲಿನ ಭಾಗ ಸಡಿಲ ಆಗಿ ಜಾಗ ಮಾಡಿ ಕೊಡ್ತಿತ್ತು, ಅದಕ್ಕ ನಾವು ನಾಲ್ಕು ರೊಟ್ಟಿ ಮ್ಯಾಲ ಅನ್ನ ಸಾರು ಮ್ಯಾಲ ಮೊಸರನ್ನ ಹಾಕಿದ್ರೂ ತಡೀತಿತ್ತು. ಸ್ಲೀವ್‌ನಾಗ ಮುಕ್ಕಾಲಿಗಿಂತ ಹೆಚ್ಚಿಂದು ಕತ್ತರಿಸಿ ತಗೀತಾರ, ಅದ್ರಾಗ ಸರಿಯಾಗಿ ಆ ಹಿಗ್ಗೋ ಭಾಗನೇ ಹೋಗ್ತದ. ಉಳಿಯೋದು ಬಾಳೆಹಣ್ಣಿನಂಥ ಒಂದು ಕೊಳವಿ, 100 ರಿಂದ 150 ಎಂಎಲ್, ಅಂದ್ರ ನಮ್ಮ ಬಸ್‌ಸ್ಟ್ಯಾಂಡ್ ಚಹಾದಂಗಡಿ ಗ್ಲಾಸಿನಷ್ಟು ಅಂತ ತಿಳ್ಕೊರಿ. ಬಲೂನ್ ಹೋತು, ಪೈಪ್ ಉಳೀತು. ಪೈಪ್ ಹಿಗ್ಗಲ್ಲ. ಅರ್ಧ ತುಂಬೋ ತನಕ ಏನೂ ಅನಿಸಲ್ಲ, ತುಂಬಿದ ಮ್ಯಾಲ ಎರಡೇ ತುತ್ತಿಗೆ ಪ್ರೆಷರ್ ಸೀದಾ ಮ್ಯಾಲೇರ್ತದ. ಆಮೇಲೆ ಹಸಿವಿನ ಹಾರ್ಮೋನ್ ಅಂತ ಒಂದು ಅದ, ಗ್ರೆಲಿನ್ ಅಂತಾರ, ಅದು ಹೆಚ್ಚಾಗಿ ಆ ತಗದ ಭಾಗದಾಗೇ ತಯಾರಾಗೋದು. ಅಂದ್ರ ಹಸಿವೂ ಕಮ್ಮಿ, ತುಂಬಿದ್ದು ಹೇಳೋ ರೀತಿನೂ ಬದ್ಲಾತು. ಹಳೇ ಊರಿಗೆ ಹೊಸಾ ಪೋಸ್ಟ್‌ಮ್ಯಾನ್ ಬಂದಂಗ, ಯಾರ ಮನಿ ಎಲ್ಲದ ಅಂತ ಅವಂಗೂ ಗೊತ್ತಿಲ್ಲ, ನಮಗೂ ಅವನ ಮುಖ ಪರಿಚಯ ಇಲ್ಲ. ಅದ್ರ ಮ್ಯಾಲ ಮೊದ್ಲಿನ ಕೆಲವು ವಾರ ಒಳಗ ಬಾವು ಇರ್ತದ, ಗಾಯ ಮಾಯ್ತಿರ್ತದ, ಸುದ್ದಿ ಸರಿಯಾಗಿ ಮುಟ್ಟೋದೇ ಇಲ್ಲ.

ಈಗ ನಂದು ಕೇಳ್ರಿ. ಎರಡು ತಿಂಗ್ಳು ತನಕ ನಿಮ್ಮಂಗೇ ಓಡಾಡಿದೆ. ಊಟಕ್ಕ ಕುಂತ್ರ ಎಂಟು ಹತ್ತು ತುತ್ತಿಗೆ ಮೂಗು ಸೋರಾಕ ಶುರು ಆಗ್ತಿತ್ತು. ನಮ್ಮ ಮನ್ಯಾಗ ಬ್ಯಾಡಗಿ ಜೋಡಿ ಗುಂಟೂರ್ ಮೆಣಸಿನಕಾಯಿನೂ ಹಾಕಿ ಕೆಂಪು ಚಟ್ನಿ ಕುಟ್ತಾರ, ಖಾರಕ್ಕ ಸೋರ್ತದ ಬಿಡು ಅನ್ಕೊಂಡು ಒರೆಸ್ಕೊಂಡು ತಿಂತಿದ್ದೆ, ಆಮೇಲೆ ಓಡ್ತಿದ್ದೆ. ಒಂದಿನ ನೈಟ್ ಶಿಫ್ಟ್‌ಗೆ ಡಬ್ಬಿಯಾಗ ಬರೇ ಮೊಸರನ್ನ ಒಯ್ದಿದ್ದೆ, ಖಾರ ಅನ್ನೋದು ಇಲ್ಲೇ ಇಲ್ಲ, ಆದ್ರೂ ಮೂಗು ಸೋರ್ತು, ಒಂದು ಸೀನು ಬಂತು. ಅವಾಗ ಲೈಟ್ ಹತ್ತಿತು ತಲ್ಯಾಗ. ಅದೇ ನನ್ನ ತೇಗು! ಮೊದ್ಲು ಹೊಟ್ಟಿ ಹೇಳ್ತಿದ್ದುದನ್ನ ಈಗ ಮೂಗು ಹೇಳಾಕತ್ತದ. ಅವತ್ತು ಅಲ್ಲಿಗೇ ಡಬ್ಬಿ ಮುಚ್ಚಿದೆ, ಏನೂ ಆಗ್ಲಿಲ್ಲ, ಆರಾಮ ಇದ್ದೆ. ಇವತ್ತಿಗೂ ಅದೇ ನನ್ನ ಸಿಗ್ನಲ್.

ಎಲ್ಲಾರಿಗೂ ಮೂಗೇ ಅಂತಲ್ಲ ಮತ್ತ. ನನ್ನ ಜೋಡಿ ಅದೇ ತಿಂಗ್ಳು ಆಪರೇಷನ್ ಆದವ್ರು ಒಬ್ರಿಗೆ ಬಿಕ್ಕಳಿಕಿ, ಒಂದೇ ಒಂದು ಬಿಕ್ಕಳಿಕಿ. ಇನ್ನೊಬ್ರಿಗೆ ಉದ್ದಕ್ಕ ಒಂದು ನಿಟ್ಟುಸಿರು ತಾನಾಗೇ ಬರ್ತದಂತ, ಅವ್ರ ಹೆಂಡ್ತಿ ಅದನ್ನ ಕೇಳಿದ ಕೂಡ್ಲೆ ತಾಟ್ ಎತ್ತಿ ಬಿಡ್ತಾರ. ಕೆಲವ್ರಿಗೆ ಎಡಗಡಿ ಭುಜದಾಗ ಸಣ್ಣಗ ಹಿಡಿದಂಗ. ನಿಮ್ದು ಏನು ಅಂತ ನೀವೇ ಹುಡುಕ್ಬೇಕು, ಅದು ಕಲ್ಲು ಇಟ್ಟಂಗ ಆಗೋಕಿಂತ ಎರಡು ತುತ್ತು ಮುಂಚೆ ಬಂದು ಹೋಗಿರ್ತದ, ನೀವು ನೋಡಿರಲ್ಲ ಅಷ್ಟ.

ತೋರಣಗಲ್_04

ಊಟದಾಗ ನೀರು ಕುಡೀತೀರೇನ್ರಿ?

ಬಳ್ಳಾರಿ_ಬಿಸ್ಲು

ನೀರು ಇಲ್ರಿ, ಆದ್ರ ಮಜ್ಜಿಗಿ ಒಂದೊಂದು ಗುಟುಕು ಕುಡೀತೀನಿ, ಈ ಬಿಸಿಲಾಗ ಗಂಟ್ಲು ಒಣಗ್ತೈತಿ. ರೊಟ್ಟಿನೂ ಇಳಿಯಲ್ಲ ಅದಿಲ್ಲಂದ್ರ.

ತೋರಣಗಲ್_04

ಅಲ್ಲೇ ಐತಿ ನೋಡ್ರಿ. ಗುಟುಕು ಕುಡ್ದು ರೊಟ್ಟಿ ಇಳಸ್ತೀರಿ ಅಂದ್ರ ಅಗಿಯಾಕತ್ತಿಲ್ಲ ಅಂತ ಅರ್ಥ. ಎರಡ್ನೇದು ಮಜ್ಜಿಗಿ ಊಟನ ತೊಳ್ಕೊಂಡು ಕೆಳಗ ಒಯ್ತೈತಿ, ತುಂಬಿದ್ದು ಎಲ್ಲಿಂದ ಗೊತ್ತಾಗ್ಬೇಕು. ಊಟದ ಜೋಡಿ ಕುಡಿಯೋದು ಬಂದ್, ಊಟ ಆದ ಮ್ಯಾಲೂ ಅರ್ಧ ತಾಸು ಬಂದ್. ನಮ್ಮ ಕಡಿ ಏಪ್ರಿಲ್ ಮೇದಾಗ 42 ಡಿಗ್ರಿ ಹೊಡೀತೈತಿ, ಅದಕ್ಕ ನೀರು ಬಿಡ್ರಿ ಅಂತ ಹೇಳ್ತಿಲ್ಲ, ಊಟ ಊಟದ ನಡುವ ಕುಡೀರಿ, ಬಾಟ್ಲಿ ಬಗಲಾಗೇ ಇಟ್ಕೊಂಡು ಗುಟುಕು ಗುಟುಕು. ನಂಗಂತೂ ಕೆಲಸದ ಜಾಗದಾಗ ಫೋನ್‌ನಾಗ ಅಲಾರಂ ಐತಿ, ಒಂದು ಕುಡೀ ಅಂತ ಒಂದು ನಿಲ್ಸು ಅಂತ, ಜನ ನಗ್ತಾರ, ನಗ್ಲಿ.

ಗಂಗಾವತಿ_ಅಕ್ಕ

ತಂಗೀ, ನಾನು ಹೊಟ್ಟಿ ಬೈಪಾಸ್ ಮಾಡಿಸ್ಕೊಂಡಾಕಿ, ಆರು ವರ್ಷ ಆತು, ಹಂಗಾಗಿ ನಂದು ನಿಂದು ಪೂರಾ ಒಂದೇ ಅಲ್ಲ. ನಮ್ದ್ರಾಗ ಮ್ಯಾಲ ಸಣ್ಣ ಚೀಲ ಮಾಡಿ ಸೀದಾ ಕರುಳಿಗೆ ಜೋಡಿಸ್ತಾರ, ಶುರುವಿಗೆ ಎರಡು ದೊಡ್ಡ ಚಮಚದಷ್ಟು ಹಿಡಿಯೋದು. ಸಿಹಿ ತಿಂದ್ರ ನಂಗ ಬೆವರು ಬಂದು ಎದಿ ಹೊಡ್ಕೊಂಡು ಮಲಗೋ ಹಂಗಾಗ್ತೈತಿ, ಡಂಪಿಂಗ್ ಅಂತಾರ ಅದಕ್ಕ. ಹೋಳಿಗಿ ಕೈಗೆ ಬಂದ್ರ ಈಗ ಹೆದ್ರಿಕಿ. ಆದ್ರ ಊಟ ನಿಲ್ಸೋದು ಕಲಿಯೋ ವಿಷಯ ಇಬ್ರಿಗೂ ಒಂದ.

ಮ್ಯಾಲಿನ ತಮ್ಮ ಚಲೋ ಹೇಳ್ಯಾನ, ಆದ್ರ ಒಂದು ಬಿಟ್ಟಾನ. ನಿಂಗ ಆಗಾಕತ್ತಿದ್ದು ಎಲ್ಲಾ ಸಲನೂ ತುಂಬಿದ್ದಲ್ಲ ಅಂತ ನಂಗ ಅನಿಸ್ತೈತಿ. ಸಿಕ್ಕೊಂಡಿದ್ದು ಬ್ಯಾರೆ, ತುಂಬಿದ್ದು ಬ್ಯಾರೆ. ಮೂರ್ನಾಲ್ಕು ತುತ್ತಿಗೇ ಎದಿ ಮ್ಯಾಲ್ಗಡಿ ಹಿಡ್ಕೊಂಡು, ನೊರಿ ನೊರಿ ಜೊಲ್ಲು ಬಂದು, ಹೊರಗ ಬಂದ ತಕ್ಷಣ ಆರಾಮ ಆತು ಅಂದ್ರ ಅದು ಸಿಕ್ಕೊಂಡಿದ್ದು, ತುತ್ತು ದೊಡ್ಡದಾಗೈತಿ ಇಲ್ಲಾ ಅಗದಿಲ್ಲ. ಎಣ್ಣಿಗಾಯಿ ಜೋಡಿ ರೊಟ್ಟಿ ಅಂದಿ, ಬಿಸಿ ರೊಟ್ಟಿ ಅಂಟು ಇರ್ತೈತಿ, ಸರಿಯಾಗಿ ಅಗಿಲಿಲ್ಲಂದ್ರ ಉಂಡಿ ಕಟ್ಕೊಂಡು ಕುಂದರ್ತೈತಿ. ತುಂಬಿದ್ದು ಹಂಗಲ್ಲ, ಅದು ಸಾವಕಾಶ ಬರ್ತೈತಿ, ಕೆಳಗಿಂದ ಬರ್ತೈತಿ, ಪಕ್ಕೆಲುಬು ಸೇರೋ ಜಾಗದಾಗ ಯಾರೋ ಅಂಗೈ ಇಟ್ಟಂಗ. ಇವೆರಡ್ರ ಫರಕ್ ಗೊತ್ತಾಗ್ಲಿಲ್ಲಂದ್ರ ನೀನು ತುತ್ತು ಎಣಿಸ್ಕೊಂಡು ಕುಂತಿರ್ತಿ, ತಪ್ಪು ಇರೋದು ಹಲ್ಲಿನ ಕೆಲಸದಾಗ. ಕಡಕ್ ರೊಟ್ಟಿ ಮುರ್ಕೊಂಡು ಅಗಿ, ಆಶ್ಚರ್ಯ ಅಂದ್ರ ನಮ್ಮಂಥವ್ರಿಗೆ ಅದೇ ಸುರಳೀತ, ಯಾಕಂದ್ರ ಅಗಿಯದೆ ನುಂಗಾಕೇ ಬರಲ್ಲ ಅದನ್ನ.

ಇನ್ನ ತುತ್ತು. ಐದೂ ಬೆರಳು ಕೂಡಿಸಿ ಎತ್ತೋ ತುತ್ತು ಮರ್ತು ಬಿಡು. ಹೆಬ್ಬೆರಳು ತೋರುಬೆರಳು ಎರಡ್ರಾಗ ಎಷ್ಟು ಸಿಗ್ತೈತೋ ಅಷ್ಟ. ನನ್ನ ಗಂಡ ಶುರುವಿಗೆ ಇದೇನು ನಶ್ಯ ಏರಿಸ್ದಂಗ ಅಂತಿದ್ದ.

ಮತ್ತೊಂದು, ಇದು ನಾನು ತಪ್ಪು ಮಾಡಿ ಕಲ್ತಿದ್ದು, ನೀನು ಮಾಡಬ್ಯಾಡ. ತುಂಬಿದ್ದು ಕೆಲವು ತಿನಿಸಿನಾಗ ಗೊತ್ತಾಗೋದೇ ಇಲ್ಲ. ನಮ್ಮ ವಗ್ಗರಣಿ ಮಂಡಾಳ ಅದ್ರಾಗ ಒಂದ್ನೇ ನಂಬರ್. ಎರಡ್ನೇ ವರ್ಷ ನಂಗ ದಿನಾ ವಾಂತಿ ಇಲ್ಲ, ನೋವಿಲ್ಲ, ಆರಾಮ ಅದೀನಿ ಅಂತ ಮುಂಜಾನಿ ಮಂಡಾಳ ಒಂದು ಪ್ಲೇಟ್, ಎರಡು ಮಿರ್ಚಿ, ಮಧ್ಯಾಹ್ನ ಚಹಾದಾಗ ಬಿಸ್ಕೀಟು ಅದ್ಕೊಂಡು. ಒಂದು ಪ್ಲೇಟ್ ಮಂಡಾಳ ಪೂರ್ತಿ ಹೋಗ್ತೈತಿ ಅಂದ್ರ ಚೀಲ ದೊಡ್ಡದಾತೇನೋ ಅಂತ ಹೆದ್ರಿ ಡಾಕ್ಟ್ರ ಹತ್ರ ಹೋದೆ. ದೊಡ್ಡದಾಗಿಲ್ಲ, ಅದು ಬಾಯಾಗ ಹಾಕಿದ್ರ ಕರಗಿ ನೀರಾಗಿ ಜಾರ್ಕೊಂಡು ಹೋಗ್ತೈತಿ, ಚೀಲದಾಗ ನಿಲ್ಲೋದೇ ಇಲ್ಲ, ತುಂಬಿದ್ದು ಎಲ್ಲಿ ಗೊತ್ತಾಗ್ಬೇಕು ಅಂದ್ರು. ಎಂಟು ಕೇಜಿ ವಾಪಸ್ ಬಂತು ಆ ವರ್ಷ. ಅನ್ನಕ್ಕ ಸಾರು ಸುರ್ಕೊಂಡು ಕಲಸಿ ಸುರ್ರ್ ಅನಿಸಿದ್ರೂ ಅದೇ ಕಥಿ. ಮತ್ತ ನಮ್ಮ ಊರು ಭತ್ತದ ಊರು, ಅನ್ನ ಬಿಡು ಅಂದ್ರ ಕಾಲುವಿ ನೀರು ಬಿಡು ಅಂದಂಗ.

ಹಂಗಾಗಿ ಮೊದ್ಲು ಕಾಳು ತಿನ್ನು. ಮಡಕಿಕಾಳು, ಹೆಸರುಕಾಳು, ಮೊಟ್ಟಿ, ಮೀನು, ಪನೀರ್ ಏನಾರ ಇರ್ಲಿ, ಅದು ಚೀಲದಾಗ ಕುಂದರ್ತೈತಿ, ತುಂಬಿದಾಗ ತುಂಬಿದೆ ಅಂತ ಸತ್ಯ ಹೇಳ್ತೈತಿ. ಮಂಡಾಳ ಸುಳ್ಳು ಹೇಳ್ತೈತಿ. ನಾನು ತಿನಿಸನ್ನ ಹಂಗೇ ಇಂಗಡ ಮಾಡೋದು ಈಗ, ಸತ್ಯ ಹೇಳೋವು, ಸುಳ್ಳು ಹೇಳೋವು ಅಂತ.

ನಿಂಗೊಂದು ಉಪಾಯ ಹೇಳ್ತೀನಿ, ಯಾರೂ ಕಲಿಸಿದ್ದಲ್ಲ, ನಾನೇ ಕಂಡ್ಕೊಂಡಿದ್ದು. ಅರ್ಧ ಊಟ ಆದ ಮ್ಯಾಲ ಎದ್ದು ಹೋಗಿ ಕೈ ತೊಳ್ಕೊಂಡು ಬಾ. ಪೂರ್ತಿ, ಸೋಪ್ ಹಚ್ಚಿ. ಬಂದು ತಾಟ್ ಮುಂದ ಕುಂದ್ರು. ಮತ್ತ ಕೈ ಎಂಜಲ ಮಾಡ್ಕೋಬೇಕು ಅನಿಸ್ತು ಅಂದ್ರ ಉಣ್ಣು. ಛೇ, ಮತ್ಯಾಕ ಕೈ ಹೊಲಸು ಮಾಡ್ಕೊಳ್ಳೋದು ಅನಿಸ್ತು ಅಂದ್ರ ನಿಂಗ ಹಸಿವು ಇಂಗೈತಿ. ನೋಡು, ನಮ್ಮ ಮಾತಿನಾಗೇ ಎರಡು ಐತಿ. ಹಸಿವು ಇಂಗೋದು ಒಂದು, ಹೊಟ್ಟಿ ತುಂಬೋದು ಒಂದು. ಮೊದ್ಲು ನಾವೆಲ್ಲ ತುಂಬೋ ತನಕ ಉಣ್ತಿದ್ವಿ, ಇಂಗಿದ್ದು ಯಾವಾಗಂತ ನೋಡೇ ಇರಲಿಲ್ಲ. ಈಗ ಇಂಗಿದಾಗ ಎದ್ದೇಳಬೇಕು. ತುಂಬಾಕ ಕಾಯ್ಕೊಂಡು ಕುಂತ್ರ ಬಚ್ಚಲಕ್ಕ ಹೋಗೋದೇ ಆಗ್ತೈತಿ.

ಗಟ್ಟಿ_ಜ್ವಾಳ

ಇಷ್ಟೆಲ್ಲ ಯಾಕ್ ಬೇಕಿತ್ತು? ಸಾಲ ಮಾಡಿ ಹೊಟ್ಟಿ ಕೊಯ್ಸ್ಕೊಂಡು ಈಗ ತುಂಬೈತೋ ಇಲ್ಲೋ ಅಂತ ಮಂದಿನ್ನ ಕೇಳೋದು. ನಮ್ಮಜ್ಜ ದಿನಾ ಎಂಟು ರೊಟ್ಟಿ ತಿಂತಿದ್ದ, ಒಂದು ಗ್ರಾಂ ಬೊಜ್ಜು ಇರಲಿಲ್ಲ. ಮುಂಜಾನಿ ಎದ್ದು ವಾಕಿಂಗ್ ಮಾಡ್ರಿ, ಎಲ್ಲಾ ಸರಿ ಹೋಗ್ತೈತಿ.

ಗಂಗಾವತಿ_ಅಕ್ಕ

ನಿಮ್ಮಜ್ಜ ಎಂಟು ರೊಟ್ಟಿ ತಿಂದು ಎತ್ತಿನ ಹಿಂದ ದಿನಾ ನಡೀತಿದ್ದ, ನೀವು ಎತ್ತಿನ ಹಿಂದ ನಡೀತೀರೋ ಬೈಕ್ ಮ್ಯಾಲ ಪಾನ್‌ಶಾಪಿಗೆ ಹೋಗ್ತೀರೋ? ಆಕಿ ಯಾಕ ಮಾಡಿಸ್ಕೊಂಡ್ಲು ಅಂತ ಆಕಿ ಕೇಳಿಲ್ಲ. ಕೇಳಿದ್ದಕ್ಕ ಉತ್ತರ ಇದ್ರ ಹೇಳ್ರಿ, ಇಲ್ಲಂದ್ರ ಜ್ವಾಳ ಹಸನ ಮಾಡ್ರಿ ಹೋಗಿ.

ಗಟ್ಟಿ_ಜ್ವಾಳ

ಸಿಟ್ಯಾಕ್ರಿ ಅಕ್ಕಾರ, ಸುಮ್ನ ಹೇಳ್ದೆ.

ಕೊಪ್ಪಳ_ಡಯಟ್

ನಾನು ಡಯಟಿಷಿಯನ್, ಕೊಪ್ಪಳದಲ್ಲೇ ಕೆಲಸ. ಮೇಲಿನವರು ಅನುಭವದಿಂದ ಹೇಳಿರೋದು ಬಹುತೇಕ ಸರಿ ಇದೆ, ನಾನು ಅದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ, ಕೈ ತೊಳೆಯೋ ಉಪಾಯ ನಾನೂ ನಮ್ಮ ಪೇಷಂಟ್ಸ್‌ಗೆ ಹೇಳ್ತೀನಿ ಇನ್ಮೇಲೆ. ಒಂದೆರಡು ಮಾತು ಮಾತ್ರ ಸೇರಿಸ್ತೀನಿ, ಯಾಕಂದ್ರೆ ವಾಂತಿ ಅಂತ ಓದಿದಾಗ ನಮಗೆ ಬೇರೆ ಯೋಚನೆ ಬರುತ್ತೆ.

ಎರಡು ವಾರದಲ್ಲಿ ನಾಲ್ಕೈದು ಸಲ, ಅದೂ ಗಟ್ಟಿ ಊಟ ಬೇಗ ತಿಂದಾಗ ಅಂದ್ರೆ ಅದು ಕಲಿಕೆಯ ಭಾಗ. ಆದ್ರೆ ದಿನಾ ಆಗ್ತಿದ್ರೆ, ಮೊನ್ನೆ ಇಳೀತಿದ್ದ ಮೆತ್ತಗಿನ ಊಟನೂ ಇವತ್ತು ಇಳಿಯದಿದ್ರೆ, ನೀರು ಕೂಡ ನಿಲ್ಲದಿದ್ರೆ, ಅದು ನೀವು ತುತ್ತು ಎಣಿಸಿ ಸರಿಮಾಡೋ ವಿಷಯ ಅಲ್ಲ. ಕೊಳವೆ ಎಲ್ಲೋ ಕಿರಿದಾಗಿರಬಹುದು, ಆಪರೇಷನ್ ಮಾಡಿದವರಿಗೆ ಅವತ್ತೇ ಫೋನ್ ಮಾಡಿ. ಎಂಡೋಸ್ಕೋಪಿಯಲ್ಲಿ, ಅಂದ್ರೆ ಬಾಯಿಂದ ಕ್ಯಾಮೆರಾ ಇರೋ ಟ್ಯೂಬ್ ಇಳಿಸಿ, ಹಿಗ್ಗಿಸಿ ಸರಿಮಾಡೋಕೆ ಬರುತ್ತೆ, ಆದ್ರೆ ಹೋಗಬೇಕು. ತುಂಬಾ ದಿನ ವಾಂತಿ ಆದ್ರೆ ವಿಟಮಿನ್ ಬಿ1 ಅಂದ್ರೆ ಥಯಾಮಿನ್ ಖಾಲಿ ಆಗುತ್ತೆ, ಕಣ್ಣು ಎರಡೆರಡು ಕಾಣೋದು, ನಡೆಯುವಾಗ ತೂರಾಡೋದು, ಮರೆವು ಇವೆಲ್ಲ ಅದರ ಲಕ್ಷಣ, ಅದು ಎಮರ್ಜೆನ್ಸಿ. ನಮ್ಮ ಕಡೆ ಸುಸ್ತು ಅಂದ ತಕ್ಷಣ ಹತ್ತಿರದ ಕ್ಲಿನಿಕ್‌ಗೆ ಹೋಗಿ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸ್ಕೊಂಡು ಬರೋ ರೂಢಿ ಇದೆಯಲ್ಲ, ಅಲ್ಲಿ ದಯವಿಟ್ಟು ಬಾಯಿಬಿಟ್ಟು ಹೇಳಿ, ನನಗೆ ಈ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ ಅಂತ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದ್ರೆ ಆ ಸ್ಥಿತಿ ಇನ್ನೂ ಕೆಡಬಹುದು.

ಇನ್ನೊಂದು, ಊಟ ಆಗಿ ಒಂದು ಗಂಟೆಗೇ ಹೊಟ್ಟೆ ಕೆರೆದ ಹಾಗೆ ಹಸಿವು ಅನಿಸಿದ್ರೆ ಅದು ಹಸಿವೇ ಅಂತ ನಂಬಬೇಡಿ. ಸ್ಲೀವ್ ಆದವರಿಗೆ ಆಸಿಡ್ ಜಾಸ್ತಿ ಆದಾಗ ಥೇಟ್ ಹಸಿವಿನ ಹಾಗೇ ಅನಿಸುತ್ತೆ. ಡಾಕ್ಟರ್ ಬರೆದುಕೊಟ್ಟ ಆಸಿಡ್ ಮಾತ್ರೆ ನೀವಾಗೇ ನಿಲ್ಲಿಸಿದ್ದೀರಾ ನೋಡಿಕೊಳ್ಳಿ. ದಿನಕ್ಕೆ 60 ಗ್ರಾಂ ಪ್ರೋಟೀನ್‌ಗೆ ಕಡಿಮೆ ಆಗಬಾರದು, ಬಿ12, ಐರನ್, ಕ್ಯಾಲ್ಸಿಯಂ, ಡಿ ಜೀವನಪೂರ್ತಿ. ವಾಂತಿ ಭಯಕ್ಕೆ ಊಟನೇ ಬಿಡೋರೂ ಇದ್ದಾರೆ, ಅದು ಬೇಡ.

ಶಕ್ತಿನಗರ_ನೈಟ್‌ಶಿಫ್ಟ್

ಮೇಡಂ ಆಸಿಡ್ ವಿಷಯ ಹೇಳಿದ್ದು ಭಾಳ ಚಲೋ ಆತು. ನಂಗ ನೈಟ್ ಶಿಫ್ಟ್‌ನಾಗ ಮೂರು ಗಂಟಿಗೆ ಹಸಿವು ಹಸಿವು ಅಂತ ಒಂದು ವರ್ಷ ಏನೇನೋ ತಿಂದೀನಿ. ಗುಳಿಗಿ ನಾನೇ ಬಿಟ್ಟಿದ್ದೆ, ಮತ್ತ ಶುರು ಮಾಡಿದ ಮ್ಯಾಲ ಆ ಹಸಿವು ಎಲ್ಲಿ ಹೋತೋ ಗೊತ್ತಿಲ್ಲ.

ಅಕ್ಕಾರ ಇನ್ನೊಂದು ಮರ್ತಿದ್ದೆ, ಮುಂಜಾನಿ ಹೊಟ್ಟಿ ಬಿಗಿ ಇರ್ತದ ಸಂಜೀಗೆ ಸಡಿಲ ಇರ್ತದ, ನಂಗಂತೂ ಹಂಗೇ. ಮುಂಜಾನಿ ಒಂದು ಇಡ್ಲಿಗೆ ಮೂಗು ಸೋರಿದ್ರ ರಾತ್ರಿ ಎರಡು ತಿಂದ್ರೂ ಏನಿಲ್ಲ. ಹಂಗಾಗಿ ನಿನ್ನಿ ಇಷ್ಟು ಹಿಡಿದಿತ್ತು ಇವತ್ತೂ ಹಿಡಿತದ ಅಂತ ಲೆಕ್ಕ ಇಟ್ಟು ತಿನಬ್ಯಾಡ್ರಿ, ಈ ಹೊಟ್ಟಿ ದಿನಾ ಹೊಸಾ ಲೆಕ್ಕ ಬರೀತದ. ಮತ್ತ ಟಿವಿ, ಮೊಬೈಲು ಮುಂದ ಇಟ್ಕೊಂಡು ಉಂಡ್ರ ಆ ಸೀನು ಬಂದಿದ್ದೂ ಗೊತ್ತಾಗಲ್ಲ. ಐಪಿಎಲ್ ನೋಡ್ಕೊಂತ ಎಷ್ಟು ಸಲ ಪೆಟ್ಟು ತಿಂದೀನಿ ಕೇಳಬ್ಯಾಡ್ರಿ.

ಬಳ್ಳಾರಿ_ಬಿಸ್ಲು

ಎಲ್ಲಾರಿಗೂ ಭಾಳ ಭಾಳ ಥ್ಯಾಂಕ್ಸ್ ರೀ. ಹನ್ನೊಂದು ದಿನ ಆತು ಕೇಳಿ, ಏನಾತು ಅಂತ ಹೇಳೋಣ ಅಂತ ಬಂದೆ.

ಮೊದ್ಲು ಡಾಕ್ಟ್ರಿಗೆ ಫೋನ್ ಮಾಡಿದೆ, ನೀರು, ಮೊಸರು, ಇಡ್ಲಿ ಎಲ್ಲಾ ಆರಾಮ ಇಳೀತೈತಿ ಅಂದ ಮ್ಯಾಲ ಈಗ ಎಂಡೋಸ್ಕೋಪಿ ಬೇಡ, ಸಾವಕಾಶ ಉಣ್ರಿ, ಮತ್ತ ಹಂಗೇ ಆದ್ರ ಬರ್ರಿ ಅಂದ್ರು. ಮಜ್ಜಿಗಿ ಊಟದಾಗ ಬಂದ್ ಮಾಡೀನಿ. ಅದನ್ನ ಬಿಟ್ಟ ಮ್ಯಾಲ ಗೊತ್ತಾತು ನೋಡ್ರಿ ನಾನು ಅಗೀತಾನೇ ಇರಲಿಲ್ಲ. ತುತ್ತು ಬಾಯಾಗ ಇಟ್ಕೊಂಡು ಎಣಿಸಿದ್ರ ಆರಕ್ಕೋ ಏಳಕ್ಕೋ ನುಂಗಾಕ ಹೋಗ್ತೀನಿ, ಗಂಟ್ಲು ತಾನಾಗೇ ಎಳ್ಕೊತೈತಿ. ಇಪ್ಪತ್ತು ಇಪ್ಪತ್ತೈದಕ್ಕ ಮುಟ್ಸೋದು ಮೊದ್ಲಿನ ಮೂರು ದಿನ ದವಡಿ ನೋವು ಬಂತು, ನಗಬ್ಯಾಡ್ರಿ. ಗಂಗಾವತಿ ಅಕ್ಕ ಹೇಳಿದ್ದು ಖರೇ, ನಂದು ಅರ್ಧಕ್ಕಿಂತ ಜಾಸ್ತಿ ಸಲ ಸಿಕ್ಕೊಂಡಿದ್ದೇ ಆಗಿತ್ತು. ಕಡಕ್ ರೊಟ್ಟಿ ಶುರು ಮಾಡೀನಿ, ಕಾಲು ರೊಟ್ಟಿ, ಮೊದ್ಲು ಮಡಕಿಕಾಳು ಪಲ್ಲೆ ಎರಡು ಚಮಚ.

ಕೈ ತೊಳೆಯೋದು ಮೊದ್ಲಿನ ದಿನ ಮಾಡಿದೆ, ನಾನು ಕೈ ತೊಳ್ಕೊಂಡು ಬರೋದ್ರಾಗ ಅತ್ತಿ ತಾಟ್ ಎತ್ಕೊಂಡು ಹೋಗಿ ತೊಳಿಯಾಕ ಹಾಕಿದ್ರು, ಊಟ ಆತಂತ ತಿಳ್ಕೊಂಡು. ಇನ್ನೂ ಐತ್ರಿ ಅಂದ್ರ ಕೈ ತೊಳದ ಮ್ಯಾಲ ಎಂಥಾ ಊಟ ಅಂತ ಅವ್ರು. ಆದ್ರ ನಾನು ಬಚ್ಚಲ ಬಾಗ್ಲಾಗ ನಿಂತು ಯೋಚ್ನಿ ಮಾಡಿದೆ, ನಂಗ ಆ ತಾಟ್ ಬೇಕಾಗೇ ಇರಲಿಲ್ಲ! ಸಿಟ್ಟು ಬಂದಿದ್ದು ತಾಟ್ ಹೋಗಿದ್ದಕ್ಕ, ಹಸಿವಿಗಲ್ಲ. ಅದು ತಿಳಿಯಾಕ ಎರಡು ನಿಮಿಷ ಹಿಡೀತು. ಆಮೇಲೆ ಅತ್ತಿಗೆ ಕುಂದ್ರಿಸಿ ಎಲ್ಲಾ ಹೇಳಿದೆ, ಇಂಗೋದು ತುಂಬೋದು ಅಂತ. ಅವ್ರು ಸುಮ್ನ ಕೇಳ್ಕೊಂಡು, ನಮ್ಮವ್ವ ಬಾಣಂತಿಯರಿಗೆ ಹಿಂಗೇ ಹೇಳ್ತಿದ್ಲು ಇನ್ನೊಂದು ತುತ್ತು ಬೇಕು ಅನ್ನೋವಾಗ ಏಳು ಅಂತ, ಅಂದ್ರು. ಇಷ್ಟು ದಿನ "ಗುಬ್ಬಿ ತಿಂದಂಗ ತಿಂತಿ" ಅನ್ನೋರು ಅವ್ರೇ.

ನನ್ನ ಸಿಗ್ನಲ್ ಸಿಕ್ತಾ ಅಂದ್ರ, ಪೂರ್ತಿ ಅಲ್ಲ. ಮೂಗು ಇಲ್ಲ, ಬಿಕ್ಕಳಿಕಿ ಇಲ್ಲ. ಆದ್ರ ಮೊನ್ನೆ ಮಧ್ಯಾಹ್ನ ಉಣ್ಣುವಾಗ ನನ್ನ ಮಗಳು "ಅಮ್ಮ ಯಾಕ ಬೆನ್ನು ನೆಟ್ಟಗ ಮಾಡ್ಕೊಂಡಿ" ಅಂದ್ಲು. ನಂಗ ಗೊತ್ತೇ ಇಲ್ಲ. ರಾತ್ರಿ ಮತ್ತ ನೋಡಿದೆ, ಹೌದು, ಒಂದು ಹೊತ್ತಿಗೆ ನಾನಾಗೇ ಮುಂದ ಬಾಗಿದ್ದಾಕಿ ಎದ್ದು ನೆಟ್ಟಗ ಕುಂದರ್ತೀನಿ, ಒಳಗ ಜಾಗ ಮಾಡ್ಕೊಟ್ಟಂಗ. ಅದಾಗಿ ಎರಡು ತುತ್ತಿಗೆ ಆ ಕಲ್ಲು ಬರ್ತಿತ್ತು ಅನಿಸ್ತೈತಿ. ನಾಲ್ಕು ದಿನದಿಂದ ಬೆನ್ನು ನೆಟ್ಟಗಾತು ಅಂದ್ರ ತಾಟ್ ಸರಸ್ತೀನಿ. ವಾಂತಿ ಆಗಿಲ್ಲ. ಒಂದ್ಸಲ ಮಾತ್ರ ಆತು, ಅದು ಮಿರ್ಚಿ, ಅದ್ರ ಬಗ್ಗೆ ಕೇಳಬ್ಯಾಡ್ರಿ.

ಈಗ ಹೊಸಾ ತಲಿನೋವು. ಬರೋ ಸೋಮವಾರ ಸಿಂಧನೂರಾಗ ಗಂಡನ ಕಡಿ ಮದಿವಿ ಐತಿ. ಪಂಕ್ತಿ ಊಟ ಅಂತ. ಬಡಿಸೋರು "ಇನ್ನೊಂಚೂರು, ಇನ್ನೊಂಚೂರು" ಅಂತ ಕೈ ಅಡ್ಡ ಹಿಡಿದ್ರೂ ಬೆರಳ ಸಂದಿನಾಗ ಹಾಕಿ ಹೋಗ್ತಾರ. ಎಲಿ ಮ್ಯಾಲ ಬಿಟ್ಟು ಎದ್ರ ಅವಮಾನ ಅಂತಾರ. ಏನ್ ಮಾಡ್ಲಿ?

ಗಂಗಾವತಿ_ಅಕ್ಕ

ಬೆನ್ನು! ಆರು ವರ್ಷದಾಗ ಇದು ಯಾರೂ ಹೇಳಿದ್ದು ಕೇಳಿಲ್ಲ, ಇವತ್ತು ನಾನೂ ನೋಡ್ಕೊತೀನಿ ನಂದು ಏನಾಗ್ತೈತಿ ಅಂತ.

ಮದಿವಿಗೆ ಹೋಗೋ ಮುಂಚೆ ಮನ್ಯಾಗ ಒಂದು ಮೊಟ್ಟಿ ಇಲ್ಲಾ ಕಾಳು ತಿಂದು ಹೋಗು, ಹಸ್ಕೊಂಡು ಹೋಗಬ್ಯಾಡ. ಪಂಕ್ತಿಯಾಗ ನಿನ್ನ ಗಂಡನ ಬಗಲಾಗೇ ಕುಂದ್ರು, ನಿನ್ನ ಎಲಿಯಾಗ ಉಳಿದಿದ್ದು ಅವಂಗ. ಬಡಿಸೋರಿಗೆ ಸರ್ಜರಿ ಗಿರ್ಜರಿ ಅಂತ ಕಥಿ ಹೇಳಾಕ ಹೋಗಬ್ಯಾಡ, ಸೋಮವಾರ ಅಲ್ಲೇನು, ಒಪ್ಪತ್ತು ಐತಿ ಅಂದುಬಿಡು.

ತೋರಣಗಲ್_04

ಒಪ್ಪತ್ತು ಅಂದ್ರ ಇನ್ನೂ ಎರಡು ಹೋಳಿಗಿ ಜಾಸ್ತಿ ಹಾಕ್ತಾರ ಅಕ್ಕಾರ, ಒಂದೇ ಹೊತ್ತು ಉಣ್ಣಾಕಿ ಅಂತ 😂

ಗಂಗಾವತಿ_ಅಕ್ಕ

ಅದೂ ಖರೇನ. ಹಂಗಾದ್ರ ತಂಗಿ ನೀನು ಉಣ್ಣೋ ಪಂಕ್ತಿಯಾಗ ಕುಂದ್ರಾಕೇ ಹೋಗಬ್ಯಾಡ, ಸೆರಗು ಸಿಗಿಸ್ಕೊಂಡು ಉಪ್ಪಿನಕಾಯಿ ಬಡಿಸಾಕ ನಿಂತು ಬಿಡು. ಬಡಿಸೋರಿಗೆ ಯಾರೂ ಬಡಿಸಲ್ಲ.